ಅರವತ್ತು ರೂಪಾಯಿಯಿಂದ ಐದು ಲಕ್ಷದವರೆಗೆ

ಸಂಜೆ ಆರೂವರೆಗೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಸುತ್ತಮುತ್ತಲ ಯಾವ ಊರಿನ ಡೈರಿಗೆ ಹೋದರೂ ಕಾಣುವುದು ಹೆಚ್ಚುಕಡಿಮೆ ಒಂದೇ ನೋಟ. ಹಾಲಿನ ಕ್ಯಾನು, ಫ್ಯಾಟ್ ನೋಡುವ ಮಿಷನ್ನು, ಸೆರಗಿನ ತುದಿಯಲ್ಲಿ ಪಾಸ್‌ಬುಕ್ ಸಿಕ್ಕಿಸಿಕೊಂಡು ಸಾಲಿನಲ್ಲಿ ನಿಂತ ಹೆಂಗಸರು. ಗೋಡೆಯ ಮೇಲೆ ಪಶು ಆಹಾರದ ದರಪಟ್ಟಿ, ಪಕ್ಕದಲ್ಲಿ ಅಂಚು ಹರಿದ, ಸಹಕಾರ ಸಂಘದ ಸದಸ್ಯರ ಆರೋಗ್ಯ ವಿಮೆ ಯಶಸ್ವಿನಿಯ ನೋಂದಣಿ ನೋಟೀಸು. ಕಳೆದ ಸಲ ನಾನು ಹೋದಾಗ ಕಾರ್ಯದರ್ಶಿ ಕೇಳುತ್ತಿದ್ದರು: "ಅಕ್ಕ, ಯಶಸ್ವಿನಿದು ಬಟವಾಡೇಲಿ ಮುರ್ಕೊಳ್ಳಲಾ?"

"ಹೋದ್ ಸಲೀನೂ ಕಟ್ದೆ, ಏನೂ ಆಗ್ಲಿಲ್ಲ. ದುಡ್ಡು ದಂಡ ಆಯ್ತು."

"ಏನೂ ಆಗ್ದಿದ್ರೆ ಒಳ್ಳೇದೇ ಅಲ್ವಾಕ್ಕ?"

ಅಕ್ಕ ಒಂದು ಗಳಿಗೆ ಯೋಚಿಸಿ, "ಮುರ್ಕೊ ಬುಡಪ್ಪ" ಎಂದರು.

ಆರೋಗ್ಯ ನೀತಿ ಎಂಬ ದೊಡ್ಡ ಮಾತು ನಮ್ಮ ಕಡೆ ಇಳಿದು ಬಂದು ನಿಲ್ಲುವುದು ಇಲ್ಲಿ, ಹಾಲಿನ ದುಡ್ಡಿನ ಬಟವಾಡೆಯ ಕಟಾವಣೆಯಲ್ಲಿ. ಈ ಕಟಾವಣೆ ಶುರುವಾಗಿ ಇಪ್ಪತ್ತು ವರ್ಷ ದಾಟಿತು. ನಡುವೆ ಒಮ್ಮೆ ನಿಂತಿತು, ಮತ್ತೆ ಬಂತು. ಇದರಿಂದ ಏನಾಯಿತು, ಏನಾಗಲಿಲ್ಲ ಎಂದು ಒಮ್ಮೆ ಹಿಂದಿರುಗಿ ನೋಡುವುದಕ್ಕೆ ಇದು ಸಕಾಲ.

2002 ಮಂಡ್ಯಕ್ಕೆ ಕೆಟ್ಟ ವರ್ಷ. ಮಳೆ ಕೈಕೊಟ್ಟಿತ್ತು, ಕಾವೇರಿ ಗಲಾಟೆ ಬೀದಿಗೆ ಬಂದಿತ್ತು. ಆಗಿನ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ನಮ್ಮ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರೇ. ಅವರು ಪಾದಯಾತ್ರೆ ಹೊರಟದ್ದೂ ಆ ಅಕ್ಟೋಬರ್‌ನಲ್ಲೇ. ಅದರ ಬೆನ್ನಿಗೆ ನವೆಂಬರ್ 14ರಂದು ಯಶಸ್ವಿನಿ ಉದ್ಘಾಟನೆಯಾಯಿತು. ಚಿಕಿತ್ಸೆ ಸಿಗತೊಡಗಿದ್ದು 2003ರ ಜೂನ್ 1ರಿಂದ. ನಾರಾಯಣ ಹೃದಯಾಲಯದ ಡಾ. ದೇವಿ ಶೆಟ್ಟಿ ಅವರ ಲೆಕ್ಕಾಚಾರ ಸರಳವಾಗಿತ್ತು. ಒಬ್ಬ ರೈತ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ಅರವತ್ತು ಕೊಟ್ಟರೂ ಲಕ್ಷಾಂತರ ಜನ ಸೇರಿದಾಗ ಹೃದಯದ ಆಪರೇಷನ್ನಿಗೆ ಸಾಕಾಗುವಷ್ಟು ಹಣ ಕೂಡುತ್ತದೆ. ಸರ್ಕಾರವೂ ತಲೆಗೆ ಮೂವತ್ತು ರೂಪಾಯಿ ಸೇರಿಸಿತು. ಹಣ ಒಟ್ಟುಮಾಡುವ ಕೆಲಸಕ್ಕೆ ಹೊಸ ಕಚೇರಿ ತೆರೆಯಬೇಕಾಗಲಿಲ್ಲ. ಹಾಲಿನ ಸಂಘ, ಸೊಸೈಟಿ ಮೊದಲೇ ಇದ್ದವು, ಅವಕ್ಕೆ ಪ್ರತಿ ಮನೆಯ ಲೆಕ್ಕವೂ ಗೊತ್ತಿತ್ತು.

ಮೊದಲ ವರ್ಷವೇ ರಾಜ್ಯದಲ್ಲಿ ಸುಮಾರು 16 ಲಕ್ಷ ಜನ ಸೇರಿದರು. ಎರಡನೇ ವರ್ಷ 20 ಲಕ್ಷ ಮುಟ್ಟಿತು. ಮೂರನೇ ವರ್ಷ ಕಂತನ್ನು ಅರವತ್ತರಿಂದ ನೂರಿಪ್ಪತ್ತಕ್ಕೆ ಏರಿಸಿದರು. ಸದಸ್ಯರು 15 ಲಕ್ಷದ ಆಸುಪಾಸಿಗೆ ಇಳಿದರು. ಐದು ಲಕ್ಷಕ್ಕೂ ಹೆಚ್ಚು ಜನ ಒಂದೇ ವರ್ಷದಲ್ಲಿ ಕೈಬಿಟ್ಟರು. ಏರಿದ್ದು ವರ್ಷಕ್ಕೆ ಅರವತ್ತು ರೂಪಾಯಿ, ಇಬ್ಬರು ಹೋಟೆಲಿನಲ್ಲಿ ಒಂದು ಹೊತ್ತು ಉಂಡರೆ ಮುಗಿಯುವ ದುಡ್ಡು. ಬೆಂಗಳೂರಿನಲ್ಲಿ ಕೂತು ನೋಡಿದರೆ ಇದೊಂದು ಲೆಕ್ಕವೇ ಅಲ್ಲ. ಐದು ಜನರ ಮನೆಗೆ ಒಟ್ಟಿಗೆ ಆರುನೂರು, ಅದೂ ಕಾರ್ಖಾನೆಯಿಂದ ಕಬ್ಬಿನ ಬಾಕಿ ಬಾರದ ತಿಂಗಳಲ್ಲಿ ಎಂದಾಗ ಅದು ಲೆಕ್ಕಕ್ಕೆ ಬರುತ್ತದೆ. ಮನೆಯವರು ಏನು ಮಾಡುತ್ತಾರೆ? ಯಜಮಾನನ ಹೆಸರು ಬರೆಸುತ್ತಾರೆ, ಅಜ್ಜಿಯ ಹೆಸರು ಬಿಡುತ್ತಾರೆ. ವಿಮೆಯ ಅಗತ್ಯ ಹೆಚ್ಚಾಗಿದ್ದದ್ದು ಯಾರಿಗೆ ಎಂದು ಬೇರೆ ಹೇಳಬೇಕಾಗಿಲ್ಲ.

ಆದರೂ ಆ ಯೋಜನೆಯ ಪಟ್ಟಿಯನ್ನು ಓದಿದರೆ ನನಗೆ ಇವತ್ತಿಗೂ ಖುಷಿಯಾಗುತ್ತದೆ. ಸಾವಿರಾರು ಬಗೆಯ ಆಪರೇಷನ್ನುಗಳ ಜೊತೆಗೆ ಅದರಲ್ಲಿ ಹಾವು ಕಡಿತ, ನಾಯಿ ಕಡಿತ, ನೀರಲ್ಲಿ ಮುಳುಗುವುದು, ಕರೆಂಟ್ ಹೊಡೆಯುವುದು, ಬೇಸಾಯದ ಯಂತ್ರಕ್ಕೆ ಕೈ ಸಿಕ್ಕುವುದು, ಎತ್ತು ತಿವಿಯುವುದು ಎಲ್ಲ ಇದ್ದವು. ಎತ್ತು ತಿವಿದದ್ದನ್ನು ವಿಮೆಯ ಪಟ್ಟಿಗೆ ಸೇರಿಸಿದವರು ಹೊಲ ಕಂಡವರೇ ಇರಬೇಕು.

ಆದರೆ ಜ್ವರ ಅದರಲ್ಲಿ ಇರಲಿಲ್ಲ. ಶುಗರ್, ಬಿ.ಪಿ. ಇರಲಿಲ್ಲ. ಕತ್ತರಿ ಆಡಿದರೆ ಉಂಟು, ಮಾತ್ರೆ ನುಂಗಿದರೆ ಇಲ್ಲ. ಹೃದಯ ಒಡೆಯುವ ತನಕ ಯಶಸ್ವಿನಿ ಕಾಯುತ್ತಿತ್ತು; ಹೃದಯ ಒಡೆಯದಂತೆ ನೋಡಿಕೊಳ್ಳುವುದು ಅದರ ಕೆಲಸವಾಗಿರಲಿಲ್ಲ. ಯೋಜನೆಯ ದೊಡ್ಡ ಕೊರತೆ ಇದೇ ಎಂದು ನನ್ನ ಭಾವನೆ. ನಂತರ ಬಂದ ಯೋಜನೆಗಳೂ ಬಹುಮಟ್ಟಿಗೆ ಇದನ್ನೇ ಹೊತ್ತುಕೊಂಡು ಬಂದವು.

ನನ್ನಪ್ಪನಿಗೆ ಪಿತ್ತಕೋಶದ ಕಲ್ಲು ತೆಗೆದದ್ದು ಯಶಸ್ವಿನಿಯಲ್ಲೇ, ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಅವ್ವ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಖರ್ಚು ಬರೆದಿಟ್ಟಿದ್ದರು. ಮೊದಲ ಸಾಲು: ಆಪರೇಷನ್, ಸೊನ್ನೆ. ಅದರ ಕೆಳಗೆ ಹದಿನಾರು ಸಾಲು. ಭರ್ತಿಯಾಗುವ ಮೊದಲಿನ ಸ್ಕ್ಯಾನಿಂಗು, ರಕ್ತ ಪರೀಕ್ಷೆ, ಬಸ್ ಚಾರ್ಜು, ಜೊತೆಗಿದ್ದವರ ಊಟ, ವಾರ್ಡ್ ಬಾಯ್‌ಗೆ ಕೊಟ್ಟದ್ದು, ಬಿಡುಗಡೆಯಾದ ಮೇಲಿನ ಮಾತ್ರೆ. ಕೊನೆಯ ಸಾಲು: 'ಹಸ ಕರೆಯಕ್ಕೆ ಆಳು, 9 ದಿನ.' ಅದನ್ನು ಯಾವ ವಿಮೆಯವರು ಕೊಡುತ್ತಾರೆ? ಅವ್ವನ ಓಲೆ ಗಿರವಿ ಅಂಗಡಿಗೆ ಹೋದದ್ದು ಆ ಹದಿನಾರು ಸಾಲಿಗಾಗಿ. ಓಲೆ ಬಿಡಿಸಿಕೊಳ್ಳಲು ಎರಡು ಕಟಾವು ಬೇಕಾಯಿತು. ಆದರೂ ಅಪ್ಪ ಬದುಕಿರುವವರೆಗೆ ಯಶಸ್ವಿನಿಯನ್ನು ಹೊಗಳುತ್ತಲೇ ಇದ್ದರು. ಕಾರ್ಡು ಇಲ್ಲದಿದ್ದರೆ ಓಲೆ ಸಾಲುತ್ತಿರಲಿಲ್ಲ, ಅರ್ಧ ಎಕರೆ ಗದ್ದೆ ಹೋಗುತ್ತಿತ್ತು ಎಂದು ಅವರಿಗೆ ಗೊತ್ತಿತ್ತು.

ಕಾಯಿಲೆಯನ್ನು ಬರುವ ಮೊದಲೇ ತಡೆಯುವುದು ಹೇಗೆ ಎಂದು ತಿಳಿಯಲು ಇಲ್ಲಿ ಸ್ವಲ್ಪ ಹಿಂದಕ್ಕೆ, ವಿ.ಸಿ. ಫಾರಂನ ಹೆಸರಿನಲ್ಲೇ ಇರುವ ಕಾಲುವೆಯ ಹತ್ತಿರಕ್ಕೆ ಹೋಗಬೇಕು. ವಿಶ್ವೇಶ್ವರಯ್ಯ ನಾಲೆಗೆ ಮೊದಲು ಇರ್ವಿನ್ ನಾಲೆ ಎಂದು ಹೆಸರು. ಹುಳಿಕೆರೆಯ ಸುರಂಗ ದಾಟಿ ನೀರು ಮಂಡ್ಯ ಸೀಮೆಗೆ ಬಂದಾಗ ಭತ್ತ, ಕಬ್ಬು ಬಂದವು, 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ಜೊತೆಗೆ ಚಳಿಜ್ವರವೂ ಬಂತು. ನಿಂತ ನೀರು ಎಂದರೆ ಅನಾಫಿಲಿಸ್ ಸೊಳ್ಳೆಯ ತವರು. ಬಂಗಾರ ಬೆಳೆಯುವ ಗದ್ದೆಯ ಬದುವಿನ ಮೇಲೆಯೇ ನಾಟಿ ಹಾಕುವ ಹೆಂಗಸರು ಕಂಬಳಿ ಹೊದ್ದು ನಡುಗುತ್ತಿದ್ದರು. ನೀರಾವರಿಯ ಲಾಭ ಗದ್ದೆಯ ಒಡೆಯನಿಗೆ ಹೋದರೆ ಅದರ ಜ್ವರ ಕೂಲಿಯವರ ಪಾಲಿಗೂ ಬಂತು.

ಮೈಸೂರು ಸರ್ಕಾರ ಸುಮ್ಮನೆ ಕೂರಲಿಲ್ಲ ಎಂಬುದನ್ನು ಒಪ್ಪಬೇಕು. 1920ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದಲ್ಲಿ ಮಲೇರಿಯಾ ಅಧ್ಯಯನ ಶುರುವಾಯಿತು. ಹಳ್ಳಿಗಳ ಆರೋಗ್ಯ ನೋಡಿಕೊಳ್ಳುವ ಘಟಕವೊಂದು ಮಂಡ್ಯದಲ್ಲೇ ನೆಲೆಗೊಂಡಿತು. ಆ ತಂಡದ ಸ್ವೀಟ್ ಮತ್ತು ರಾವ್ ಎಂಬ ಸಂಶೋಧಕರು 1937ರಲ್ಲಿ ಒಂದು ಬಗೆಯ ಸೊಳ್ಳೆಯನ್ನು ಬೇರೆಯಾಗಿ ಗುರುತಿಸಿ ಅದಕ್ಕೆ 'ಮೈಸೊರೆನ್ಸಿಸ್' ಎಂದು ಹೆಸರಿಟ್ಟರು. ಪಾಕಕ್ಕೆ, ರೇಷ್ಮೆಗೆ, ಮಲ್ಲಿಗೆಗೆ ಇರುವ ಮೈಸೂರಿನ ಹೆಸರು ಸೊಳ್ಳೆಗೂ ಇದೆ ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ತಿಳಿದಿರಲಾರದು. ವಿಶ್ವೇಶ್ವರಯ್ಯನವರ ಬ್ಲಾಕ್ ಪದ್ಧತಿಯಲ್ಲಿ ಮೂರನೇ ಒಂದು ಪಾಲು ಭತ್ತ, ಒಂದು ಪಾಲು ಕಬ್ಬು, ಒಂದು ಪಾಲು ಕಡಿಮೆ ನೀರಿನ ಬೆಳೆ ಎಂದಿತ್ತು. ಅದು ನಡೆದಿದ್ದರೆ ನೀರೂ ಉಳಿಯುತ್ತಿತ್ತು, ಗದ್ದೆ ಒಣಗುವ ಸರದಿ ಬಂದಾಗ ಸೊಳ್ಳೆ ಮರಿಯೂ ಒಣಗುತ್ತಿತ್ತು. ಆದರೆ ನೀರು ಕಂಡ ರೈತ ಭತ್ತ ಬಿಟ್ಟು ರಾಗಿ ಹಾಕುತ್ತಾನೆಯೇ?

ಕೊನೆಗೆ ಚಳಿಜ್ವರವನ್ನು ಇಳಿಸಿದ್ದು 1953ರಲ್ಲಿ ದೇಶದಾದ್ಯಂತ ಆರಂಭವಾದ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ. ಡಿ.ಡಿ.ಟಿ. ಪಂಪು ಹೊತ್ತವರು ಮನೆಮನೆಗೆ ಬಂದು ಗೋಡೆಗೆ ಹೊಡೆದು, ಬಾಗಿಲ ಪಕ್ಕ ತಾರೀಕು ಬರೆದು ಹೋಗುತ್ತಿದ್ದರು. ನಮ್ಮ ಹಳೇ ತೊಟ್ಟಿಮನೆಯ ಗೋಡೆಯ ಮೇಲೆ ಆ ಅಕ್ಷರ ಸುಣ್ಣದ ಅಡಿಯಲ್ಲಿ ನಾನು ಹುಡುಗನಾಗಿದ್ದಾಗಲೂ ಕಾಣುತ್ತಿತ್ತು. ಡಿ.ಡಿ.ಟಿ.ಯ ದೋಷಗಳ ಮಾತು ಬೇರೆ, ಅದನ್ನು ಇಲ್ಲಿ ಎತ್ತುವುದಿಲ್ಲ. ನಾನು ಹೇಳಬೇಕಾದದ್ದು ಇಷ್ಟು: ಆ ಪಂಪಿನವನು ಯಾರ ಕಾರ್ಡನ್ನೂ ಕೇಳಲಿಲ್ಲ, ಕಂತು ಕಟ್ಟಿದ್ದೀರಾ ಎನ್ನಲಿಲ್ಲ. ಕಾಯಿಲೆ ಬರುವ ಮೊದಲೇ ಬಾಗಿಲಿಗೆ ಬಂದ.

ಇದೇ ಕಣ್ಣಿನಿಂದ ಈಚಿನದನ್ನು ನೋಡಿ. 2001ರಿಂದ 2003ರ ನಡುವೆ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018ರಿಂದ 2020ರ ಲೆಕ್ಕದಲ್ಲಿ ಅದು 69. ಇದು ವಿಮೆಯಿಂದ ಆದದ್ದಲ್ಲ. ಹೆರಿಗೆಯನ್ನು ಆಸ್ಪತ್ರೆಗೆ ತಂದ ಜನನಿ ಸುರಕ್ಷಾ, 2008ರ ನವೆಂಬರ್ 1ರಂದು ಓಡಲಾರಂಭಿಸಿದ 108 ಆಂಬುಲೆನ್ಸು, ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ, ಎಲ್ಲ ಸೇರಿ ಮಾಡಿದ ಕೆಲಸ. ಎಲ್ಲವೂ ರೋಗಿಯ ಬಳಿ ದುಡ್ಡು ಕೇಳದೆ ಬಂದವು. ಆ ಆಶಾ ಕಾರ್ಯಕರ್ತೆಯರು ನಿಗದಿತ ಗೌರವಧನ ಕೊಡಿ ಎಂದು 2025ರ ಜನವರಿಯ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂರಬೇಕಾಯಿತು. ತಾಯಂದಿರನ್ನು ಉಳಿಸಿದವರಿಗೆ ನಾವು ಕೊಟ್ಟ ಮರ್ಯಾದೆ ಅದು.

ವಿಮೆ ದಂಡ ಎಂದು ನಾನು ಹೇಳುತ್ತಿಲ್ಲ. 2010ರಲ್ಲಿ ಉತ್ತರ ಕರ್ನಾಟಕದಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ಬಿ.ಪಿ.ಎಲ್. ಕುಟುಂಬಕ್ಕೆ ಹೃದಯ, ಕ್ಯಾನ್ಸರಿನಂಥ ದೊಡ್ಡ ಚಿಕಿತ್ಸೆ ಉಚಿತ, ಕಂತು ಇಲ್ಲ. ಯೋಜನೆ ಮೊದಲು ಕೆಲವು ಜಿಲ್ಲೆಗಳಿಗೆ ಮಾತ್ರ ಬಂದದ್ದರಿಂದ ಗಡಿಯ ಆಚೆಗೆ ಇದ್ದ ಹಳ್ಳಿ, ಈಚೆಗೆ ಇಲ್ಲದ ಹಳ್ಳಿ ಎಂದು ಹೋಲಿಸಲು ಸಂಶೋಧಕರಿಗೆ ಅವಕಾಶವಾಯಿತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಯೋಜನೆ ಒಳಗೊಂಡಿದ್ದ ಕಾಯಿಲೆಗಳಿಂದ ಬಡವರಲ್ಲಿ ಆದ ಸಾವು ಯೋಜನೆ ಇದ್ದ ಕಡೆ ಶೇ 0.32, ಇಲ್ಲದ ಕಡೆ ಶೇ 0.90. ಗಡಿ ಕಲ್ಲಿನ ಈಚೆಗೆ ಹುಟ್ಟಿದ್ದೇ ಅಪರಾಧ ಎನ್ನುವಷ್ಟು ಅಂತರ. ದುಡ್ಡಿಲ್ಲದ್ದಕ್ಕೆ ಜನ ಸಾಯುತ್ತಾರೆ ಎಂಬುದನ್ನು ನಮ್ಮ ನಾಡಿನ ಹಳ್ಳಿಗಳೇ ಅಂಕಿಯಲ್ಲಿ ತೋರಿಸಿಕೊಟ್ಟವು.

ಇಂಥ ಸಾಕ್ಷಿ ಕೈಯಲ್ಲಿದ್ದೂ 2018ರಲ್ಲಿ ನಾವು ಮಾಡಿಕೊಂಡದ್ದು ಗೊಂದಲ. ಮಾರ್ಚ್ 2ರಂದು ಆರೋಗ್ಯ ಕರ್ನಾಟಕ ಬಂತು. ಹತ್ತಾರು ಯೋಜನೆಗಳನ್ನು ಒಂದರೊಳಗೆ ತರುವ ಉದ್ದೇಶ ಒಳ್ಳೆಯದೇ. ಅದರೊಳಗೆ ಯಶಸ್ವಿನಿಯನ್ನೂ ಕರಗಿಸಿ, ಮೇ 31ಕ್ಕೆ ಬಾಗಿಲು ಹಾಕಿದರು. ನಂತರ ಕೇಂದ್ರದ ಆಯುಷ್ಮಾನ್ ಭಾರತ್ ಸೇರಿಕೊಂಡು ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಎಂದಾಯಿತು. ಎ.ಪಿ.ಎಲ್. ಆದರೆ ಪ್ಯಾಕೇಜ್ ದರದಲ್ಲಿ ಶೇ 30 ಮಾತ್ರ ಸರ್ಕಾರದ್ದು. ನಮ್ಮ ಕಡೆ ಒಂದೂವರೆ ಎಕರೆ ಗದ್ದೆ ಇದ್ದು ಕಾರ್ಡು ಎ.ಪಿ.ಎಲ್. ಆದವರು ಎಷ್ಟು ಜನ! ಹಿಂದೆ ಅರವತ್ತು, ಇನ್ನೂರು ಕಟ್ಟಿ ಪೂರ್ತಿ ಚಿಕಿತ್ಸೆ ಪಡೆಯುತ್ತಿದ್ದವರು ಈಗ ಶೇ 70 ಕೈಯಿಂದ ಕಟ್ಟಬೇಕಾಯಿತು. ಬಿ.ಪಿ.ಎಲ್. ಇದ್ದವರಿಗೂ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ತರಬೇಕೆಂಬ ನಿಯಮ. ನಿಯಮದಲ್ಲಿ ತರ್ಕವಿದೆ: ಸರ್ಕಾರಿ ಆಸ್ಪತ್ರೆಯಲ್ಲಿ ಆಗುವುದು ಅಲ್ಲೇ ಆಗಲಿ, ಹಣ ಉಳಿಯಲಿ. ಆದರೆ ಬೆಳಿಗ್ಗೆ ಎದೆನೋವಿನ ಮನುಷ್ಯನನ್ನು ಆಟೋದಲ್ಲಿ ಕೂರಿಸಿಕೊಂಡು ಬಂದವರು ಚೀಟಿಗಾಗಿ ಒಂದು ಕೌಂಟರಿನಿಂದ ಇನ್ನೊಂದಕ್ಕೆ ಓಡುವುದನ್ನು ಕಂಡರೆ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತು ನೆನಪಾಗದೆ ಇರದು.

ಆ ವರ್ಷ ನಮ್ಮ ಜಿಲ್ಲೆ ವಿಧಾನಸಭೆಯ ಏಳಕ್ಕೆ ಏಳೂ ಸೀಟು ಒಂದೇ ಪಕ್ಷಕ್ಕೆ ಕೊಟ್ಟಿತ್ತು. ಯಶಸ್ವಿನಿ ನಿಂತದ್ದನ್ನು ಯಾವ ಚುನಾವಣೆಯಲ್ಲೂ ನಾವು ದೊಡ್ಡ ಪ್ರಶ್ನೆ ಮಾಡಲಿಲ್ಲ. ನಿಲ್ಲಿಸಿದವರು ಒಬ್ಬರು, ನಿಂತದ್ದನ್ನು ಒಪ್ಪಿಕೊಂಡವರು ಇನ್ನೊಬ್ಬರು, ಸುಮ್ಮನಿದ್ದವರು ನಾವು. ನಾಲ್ಕೂವರೆ ವರ್ಷ ಕಳೆದ ಮೇಲೆ, 2022ರ ನವೆಂಬರ್‌ನಲ್ಲಿ ನೋಂದಣಿ ಮತ್ತೆ ಶುರುವಾಗಿ 2023ರ ಜನವರಿಯಿಂದ ಚಿಕಿತ್ಸೆ ಸಿಗತೊಡಗಿತು. ಹಳ್ಳಿಯ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಐದು ಲಕ್ಷದವರೆಗೆ ಚಿಕಿತ್ಸೆ. ತಲೆಗೆ ಲೆಕ್ಕ ಹಾಕುವ ಬದಲು ಕುಟುಂಬಕ್ಕೆ ಹಾಕಿದ್ದು ಸರಿಯಾದ ತಿದ್ದುಪಡಿ. ಅಜ್ಜಿಯ ಹೆಸರು ಬಿಟ್ಟುಹೋಗುವುದು ಸ್ವಲ್ಪವಾದರೂ ತಪ್ಪುತ್ತದೆ. ಆದರೆ ಆ ನಾಲ್ಕೂವರೆ ವರ್ಷದಲ್ಲೇ ಕೊರೊನಾ ಬಂದು ಹೋಯಿತು.

ಥಾಯ್ಲೆಂಡ್ ದೇಶವೂ ಹೆಚ್ಚುಕಡಿಮೆ ನಮ್ಮ ಕಾಲಕ್ಕೇ, 2001ರಲ್ಲಿ, ಮೂವತ್ತು ಬಾತ್ ಯೋಜನೆ ತಂದಿತು. ಆಸ್ಪತ್ರೆಗೆ ಒಮ್ಮೆ ಹೋದರೆ ಮೂವತ್ತು ಬಾತ್, ಅಷ್ಟೇ. ಅಲ್ಲಿ ಬಾಗಿಲು ತೆರೆಯುವುದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ, ಶುರುವಾಗುವುದು ಜ್ವರ ಕೆಮ್ಮಿನಿಂದ. ಅಲ್ಲೂ ಸರ್ಕಾರಗಳು ಉರುಳಿದವು, ಸೇನೆ ಬಂತು. ಯೋಜನೆಯನ್ನು ಮಾತ್ರ ಯಾರೂ ಮುಚ್ಚಲಿಲ್ಲ. ನಮ್ಮಲ್ಲಿ ಸರ್ಕಾರ ಬದಲಾದರೆ ಮೊದಲು ಬದಲಾಗುವುದು ಕಾರ್ಡಿನ ಮೇಲಿನ ಫೋಟೋ.

ಆದರೆ ಯೋಜನೆ ಉಳಿದರಷ್ಟೇ ಸಾಲದು, ಕಾನೂನು ಇದ್ದ ಮಾತ್ರಕ್ಕೂ ಕೆಲಸವಾಗದು ಎಂಬುದಕ್ಕೆ ನಮ್ಮ ಜಿಲ್ಲೆಯೇ ತಲೆತಗ್ಗಿಸುವ ಉದಾಹರಣೆ ಕೊಟ್ಟಿತು. ಭ್ರೂಣಲಿಂಗ ಪತ್ತೆ ನಿಷೇಧದ ಕಾಯ್ದೆ 1994ರದ್ದು. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಭೇದಿಸಿದ ಜಾಲ ಸ್ಕ್ಯಾನಿಂಗ್ ಮಾಡುತ್ತಿದ್ದದ್ದು ಮಂಡ್ಯದ ಒಂದು ಆಲೆಮನೆಯಲ್ಲಿ. ಬೆಲ್ಲದ ಕೊಪ್ಪರಿಗೆಯ ಪಕ್ಕದ ಕೋಣೆಯಲ್ಲಿ ಅಲ್ಟ್ರಾಸೌಂಡ್ ಮಿಷನ್! ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಸ್ಕ್ಯಾನಿಂಗಿಗೆ ಗರ್ಭಿಣಿ ದಿನಗಟ್ಟಲೆ ಕಾಯಬೇಕು, ಆಲೆಮನೆಯಲ್ಲಿ ಕಾಯಬೇಕಾಗಿಲ್ಲ. ಹೆಣ್ಣು ಮಗು ಬೇಡ ಎಂಬುದಕ್ಕೆ ಇದೇ ಊರಿನವರು ಕೈಯಿಂದ ದುಡ್ಡು ಕೊಟ್ಟರು, ಯಶಸ್ವಿನಿಯ ಕಂತಿಗೆ ಹಿಂದೆಮುಂದೆ ನೋಡುವ ಊರಿನವರೇ. ನೀತಿಯನ್ನು ಬೈಯುವಾಗ ಇದನ್ನೂ ನುಂಗಿಕೊಳ್ಳಬೇಕು.

ತಲೆ ಎತ್ತುವ ಉದಾಹರಣೆಯೂ ನಮ್ಮಲ್ಲಿದೆ: ಆಸ್ಪತ್ರೆಯ ಖರ್ಚೇ ಇಲ್ಲದೆ ಆರೋಗ್ಯ ಕಾಯುವ ಕೆಲಸವೊಂದು ವಿ.ಸಿ. ಫಾರಂನೊಳಗೇ ನಡೆದಿತ್ತು. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ವಿಜ್ಞಾನಿ ಇಲ್ಲಿಯ ತಾಕುಗಳಲ್ಲಿ ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಂದಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಎಕರೆಗೆ ಬರುವ ರಾಗಿಯ ಚೀಲ ಹೆಚ್ಚಾಯಿತು. ಬಡವರ ಮನೆಯಲ್ಲಿ ಮುದ್ದೆ ದೊಡ್ಡದಾಯಿತು. ಆಮೇಲೆ ನಾವೇ ಮುದ್ದೆಯನ್ನು ಅನ್ನಕ್ಕೆ ಬದಲಿಸಿಕೊಂಡೆವು. ಈಗ ಶುಗರ್ ಮಾತ್ರೆ ಬರೆದುಕೊಡುವ ಡಾಕ್ಟರು ಮತ್ತೆ ರಾಗಿ ತಿನ್ನಿ ಎನ್ನುತ್ತಾರೆ, ಚೀಟಿಯ ಕೊನೆಯಲ್ಲಿ.

ಆ ಮಾತ್ರೆಯ ಖರ್ಚೇ ಇವತ್ತಿನ ಚಳಿಜ್ವರ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ಕೈಯಿಂದ ಕೊಡುವ ಪಾಲು 2013-14ರಲ್ಲಿ ಶೇ 64.2 ಇದ್ದದ್ದು 2021-22ಕ್ಕೆ ಶೇ 39.4ಕ್ಕೆ ಇಳಿದಿದೆ ಎಂದು ಸರ್ಕಾರದ ಲೆಕ್ಕ ಹೇಳುತ್ತದೆ. ಇಳಿದಿರಬಹುದು. ಆದರೆ ತಿಂಗಳು ತಿಂಗಳು ಮೆಡಿಕಲ್ ಸ್ಟೋರಿನಲ್ಲಿ ಬಿ.ಪಿ., ಶುಗರ್ ಮಾತ್ರೆಗೆ ಎಣಿಸುವ ನೋಟು ಯಾವ ಕಾರ್ಡಿನೊಳಗೂ ಬರುವುದಿಲ್ಲ. ದುಡ್ಡು ಸಾಲದ ತಿಂಗಳು ಎರಡು ಮಾತ್ರೆಯಲ್ಲಿ ಒಂದನ್ನು ಬಿಡುತ್ತಾರೆ. ಹಾಗೆ ಬಿಟ್ಟವರೇ ಕೆಲವು ವರ್ಷದ ಮೇಲೆ ಡಯಾಲಿಸಿಸ್ ಕೋಣೆಯಲ್ಲಿ ಸಿಗುತ್ತಾರೆ. ಡಯಾಲಿಸಿಸ್ ಉಚಿತ, ಅದನ್ನು ತಪ್ಪಿಸಬಹುದಾಗಿದ್ದ ಮಾತ್ರೆಗೆ ದುಡ್ಡು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಒಳ್ಳೆಯ ಲಕ್ಷಣಗಳೂ ಇವೆ. ಹೃದಯಾಘಾತವಾದವರಿಗೆ ಮೊದಲ ಗಂಟೆಗಳಲ್ಲಿ ಕೊಡುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಜಯದೇವ ಸಂಸ್ಥೆಯ ಜೊತೆ ಸೇರಿ ನಡೆಯುತ್ತಿದೆ. ಮಳವಳ್ಳಿಯ ಮೂಲೆಯಿಂದ ಮೈಸೂರು ತಲುಪುವಷ್ಟರಲ್ಲಿ ಹೋಗುವ ಜೀವಕ್ಕೆ ಇದರ ಬೆಲೆ ಗೊತ್ತು. ಶುಗರ್, ಬಿ.ಪಿ. ತಪಾಸಣೆ ಮಾಡಿ ಮಾತ್ರೆಯನ್ನು ಮನೆಗೇ ತಲುಪಿಸುವ ಗೃಹ ಆರೋಗ್ಯ 2024ರಲ್ಲಿ ಕೋಲಾರದಿಂದ ಶುರುವಾಯಿತು. ಡಿ.ಡಿ.ಟಿ. ಪಂಪಿನವನ ದಾರಿಯಲ್ಲಿ ನಡೆದಿರುವ ಯೋಜನೆ ಇದೇ ಎಂದು ನಾನು ತಿಳಿದಿದ್ದೇನೆ. ಇದನ್ನು ತಂದ ರಾಜ್ಯ ಸರ್ಕಾರವೇ 2025ರ ಮೇನಲ್ಲಿ ಸರ್ಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಮಳಿಗೆ ಮುಚ್ಚಲು ಹೊರಟಿತು, ವಿವಾದ ಹೈಕೋರ್ಟ್ ಮೆಟ್ಟಿಲೇರಿತು. ಆಸ್ಪತ್ರೆಯೊಳಗೇ ಮಾತ್ರೆ ಉಚಿತವಾಗಿ ಕೊಡುತ್ತೇವೆ, ಹೊರಗೆ ಮಳಿಗೆ ಏಕೆ ಎಂಬುದು ಸರ್ಕಾರದ ವಾದ. ವಾದ ನಿಲ್ಲಬೇಕಾದರೆ ಒಳಗಿನ ಕೌಂಟರಿನಲ್ಲಿ 'ಸ್ಟಾಕ್ ಇಲ್ಲ' ಎಂಬ ಮಾತು ಕೇಳಬಾರದು.

ಯಶಸ್ವಿನಿಗೂ ಈಗ ಇದೇ ದಾರಿ ಹಿಡಿಸಬೇಕಾಗಿದೆ. ಆಪರೇಷನ್ ಪಟ್ಟಿ ಉದ್ದ ಮಾಡುವುದು ಸಾಕು. ಮುರಿದುಕೊಂಡ ಐನೂರರಲ್ಲಿ ಒಂದು ಪಾಲು ಊರಿನ ಡೈರಿಯಲ್ಲೇ ಶುಗರ್, ಬಿ.ಪಿ. ನೋಡಲು, ಮಾತ್ರೆ ಇಡಲು ಹೋಗಲಿ. ಹಾಲಿನ ಫ್ಯಾಟನ್ನು ದಿನಕ್ಕೆ ಎರಡು ಸಲ ಅಳೆಯುವ ಜಾಗದಲ್ಲಿ ಹಾಲು ತಂದವರ ರಕ್ತದೊತ್ತಡವನ್ನು ತಿಂಗಳಿಗೊಮ್ಮೆ ಅಳೆಯಲಾಗದೆ?

ಸೆಪ್ಟೆಂಬರ್ ಬಂತೆಂದರೆ ಸಂಘಗಳ ವಾರ್ಷಿಕ ಮಹಾಸಭೆ. ಸಾಮಾನ್ಯವಾಗಿ ಬೋನಸ್ಸು, ಹಾಲಿನ ದರ, ಕಟ್ಟಡದ ಬಿಲ್ಲು ಇಷ್ಟರ ಮೇಲೆ ಗಲಾಟೆಯಾಗಿ, ಲಾಡು ಖಾರದೊಂದಿಗೆ ಸಭೆ ಮುಗಿಯುತ್ತದೆ. ಈ ಸಲ ನೀವು ಎದ್ದು ನಿಂತು ಕಾರ್ಯದರ್ಶಿಯನ್ನು ಮೂರು ಲೆಕ್ಕ ಕೇಳಿ: ನಮ್ಮ ಸಂಘದಿಂದ ಯಶಸ್ವಿನಿಗೆ ಎಷ್ಟು ಮನೆಯವರು ಕಟ್ಟಿದ್ದೇವೆ, ಅದರಲ್ಲಿ ಎಷ್ಟು ಜನ ಚಿಕಿತ್ಸೆ ಪಡೆದರು, ಕಾರ್ಡು ತೋರಿಸಿದ ಮೇಲೂ ಅವರು ಕೈಯಿಂದ ಎಷ್ಟು ಕೊಟ್ಟರು. ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ.